ಆಟದ ಜಟಿಲತೆ ಯಾರ ಹಿತಕ್ಕೆ?

ಪಾಠಶಾಲೆಗಳ ವಿಷಯ ಚರ್ಚೆಗೆ ಬಂದಾಗಲೆಲ್ಲ ನಮ್ಮ ಸಮಾಜದ ಕೆಲವು ವಿದ್ಯಾವಂತರು ಒಂದು ವಾದವನ್ನು ಮುಂದಿಡುತ್ತಿದ್ದಾರೆ. ಇಂದಿನ ವೀಡಿಯೋ ಆಟಗಳು ಬಹಳ ಜಟಿಲವಾದವು, ಅವನ್ನಾಡುವ ಮಗುವಿನ ಬುದ್ಧಿ ಹರಿತವಾಗುತ್ತದೆ. ಚೆನ್ನೆಮಣೆ, ಹುಲಿ-ಕುರಿಗಳ ಕಾಲ ಮುಗಿಯಿತು. ಆದ್ದರಿಂದ ಧರ್ಮಶಿಕ್ಷಣವನ್ನೂ ಅಂಕ, ಹಂತ, ಬಹುಮಾನದ ಪೆಟ್ಟಿಗೆಗಳುಳ್ಳ ಅಂಥದೇ ಒಂದು ಆಟವನ್ನಾಗಿ ಮಾಡಿಸಿ ಮಕ್ಕಳ ಕೈಗೆ ಕೊಡಬೇಕು ಎಂಬುದು ಆ ವಾದದ ಸಾರ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ‘ಜಟಿಲ’ ಎಂಬ ಒಂದೇ ಶಬ್ದದೊಳಗೆ ಪರಸ್ಪರ ವಿರುದ್ಧವಾದ ಎರಡು ಪದಾರ್ಥಗಳನ್ನು ತುಂಬಿರುವುದರಿಂದ ಈ ವಾದವನ್ನು ಖಂಡಿಸದೆ ವಿಧಿಯಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಹಳೆಯ ಮನೆಗಳ ಅಟ್ಟವನ್ನು ಹುಡುಕಿದರೆ ಇಂದಿಗೂ ಒಂದು ಚೆನ್ನೆಮಣೆ ಸಿಕ್ಕೀತು. ಎರಡು ಸಾಲು, ಸಾಲಿಗೆ 7 ಗುಳಿ; ಗುಳಿಗೆ 4ರಂತೆ 56 ಹುಣಸೆಬೀಜ ಅಥವಾ ಮಂಜೊಟ್ಟಿ ಕಾಳು. ಒಂದು ಗುಳಿಯ ಕಾಳನ್ನೆಲ್ಲ ಬಳಿದುಕೊಂಡು ಮುಂದಿನ ಗುಳಿಗಳಲ್ಲಿ ಒಂದೊಂದಾಗಿ ಹಾಕುತ್ತ ಹೋಗಬೇಕು. ಬರಿದಾದ ಗುಳಿ ಎದುರಾದಲ್ಲಿ ಅದರಾಚೆಯ ಕಾಳು ನಮ್ಮದು. ಆರು ವರ್ಷದ ಕೂಸು ಇಷ್ಟನ್ನು ಒಂದು ಸಂಜೆಯಲ್ಲಿ ಕಲಿತುಬಿಡುತ್ತದೆ. ಆದರೆ ಯಾವ ಗುಳಿಯಿಂದ ಎತ್ತಿದರೆ ಕೊನೆಯ ಕಾಳು ಎಲ್ಲಿ ಬಿದ್ದೀತು ಎಂಬ ಲೆಕ್ಕ ಬೇರೆಯೇ. ಆಷಾಢದ ಮಳೆಯಲ್ಲಿ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಮೊಮ್ಮಗಳ ಎದುರಿಗೆ ಕುಳಿತ ಅಜ್ಜಿಯೂ ಕೈಯನ್ನು ಗುಳಿಯ ಮೇಲಿಟ್ಟು ಕ್ಷಣಕಾಲ ತಡೆಯುತ್ತಾಳೆ. ನಿಯಮ ಸರಳ, ಯೋಚನೆ ಜಟಿಲ. ಆ ಜಟಿಲತೆಯಷ್ಟೂ ಆಡುವವರ ಮನಸ್ಸಿನಲ್ಲಿದೆ; ಮಣೆ ಏನನ್ನೂ ಬಚ್ಚಿಟ್ಟುಕೊಂಡಿಲ್ಲ.

ಯಂತ್ರದ ಮೇಲಿನ ಆಟಗಳಲ್ಲಿಯೂ ಈ ಗುಣ ಇಲ್ಲದಿಲ್ಲ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿತ್ನೋವ್ ರಚಿಸಿದ ಟೆಟ್ರಿಸ್‌ನಲ್ಲಿ ಇರುವುದು ನಾಲ್ಕು ನಾಲ್ಕು ಚೌಕಗಳಿಂದಾದ 7 ಆಕೃತಿಗಳು ಮಾತ್ರ. ಮೇಲಿನಿಂದ ಇಳಿಯುವ ಅವನ್ನು ಸಾಲಾಗಿ ಹೊಂದಿಸಬೇಕು, ಅಷ್ಟೇ. ಆದ್ದರಿಂದ ಪರದೆಯನ್ನು ಕಂಡೊಡನೆ ಪಾಪವೆಂದು ಹೌಹಾರುವವರ ಪಕ್ಷ ನನ್ನದಲ್ಲ.

ಈಗ ಮಕ್ಕಳ ಕೈಯಲ್ಲಿರುವ ಅನೇಕ ಆಟಗಳ ಜಟಿಲತೆಯನ್ನು ನೋಡಿ. ರೂಪಾಯಿ ಕೊಟ್ಟರೆ ವಜ್ರ ಬರುತ್ತದೆ, ವಜ್ರದಿಂದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಏನಿದೆಯೆಂದು ತೆರೆಯುವವರೆಗೂ ಗೊತ್ತಿಲ್ಲ. ಇಂದು ಬಾರದಿದ್ದರೆ ಈ ವಾರದ ಬಹುಮಾನ ತಪ್ಪಿತು. ಇದರಲ್ಲಿ ಬುದ್ಧಿಗೆ ಯಾವ ಸಾಣೆಯಿದೆ? ಎಷ್ಟು ಹಣ ಹೋಯಿತೆಂಬುದು ಹುಡುಗನಿಗಾಗಲಿ ತಂದೆಗಾಗಲಿ ತಿಳಿಯದಂತೆ ಮಾಡುವ ಜಟಿಲತೆಯಿದು. ಅಂಗಡಿಯ ಜಟಿಲತೆ, ಆಟದ್ದಲ್ಲ. ಇದು ಕೇವಲ ಮುದುಕರ ಸಂಶಯವೆನ್ನುವವರು 2022ರ ಡಿಸೆಂಬರಿನ ಪ್ರಕರಣವನ್ನು ಗಮನಿಸಬೇಕು. ಫೋರ್ಟ್‌ನೈಟ್ ಆಟದಲ್ಲಿ ಗುಂಡಿಗಳನ್ನು ಗೊಂದಲವಾಗುವಂತೆ ಜೋಡಿಸಿ, ಆಡುವವರು ಬಯಸದ ಖರೀದಿಯನ್ನೂ ಮಾಡುವಂತೆ ಮಾಡಲಾಗಿದೆಯೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಅದರ ತಯಾರಕರಾದ ಎಪಿಕ್ ಗೇಮ್ಸ್ ಸಂಸ್ಥೆ 24.5 ಕೋಟಿ ಡಾಲರ್ ಕೊಡಲು ಒಪ್ಪಿತು. ಬೆಲ್ಜಿಯಂ ದೇಶದ ನಿಯಂತ್ರಣ ಸಂಸ್ಥೆಯಂತೂ 2018ರಲ್ಲಿಯೇ ಕೆಲವು ಆಟಗಳ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಕರೆಯಿತು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲೆಂದು ಬಂದದ್ದು. ಗೆದ್ದರೆ ಕೈಗೆ ಹಣ ಬಾರದ, ಕೇವಲ ಬಣ್ಣದ ಅಂಗಿಯೋ ಬಂದೂಕಿನ ಚಿತ್ರವೋ ಬರುವ ಪೆಟ್ಟಿಗೆಗಳ ಕಾವಲು ಇನ್ನೂ ಮನೆಯವರ ಪಾಲಿನದೇ.

ಸರಳವಾಗಿ ಕಾಣುವುದೆಲ್ಲ ಸರಳವೂ ಅಲ್ಲ. 2012ರಲ್ಲಿ ಬಂದ ಕ್ಯಾಂಡಿ ಕ್ರಷ್ ಆಟವನ್ನು ಯಾರು ಬೇಕಾದರೂ ಆಡಬಹುದು. ಮೂರು ಮಿಠಾಯಿಗಳನ್ನು ಸಾಲಿಗೆ ತಂದರಾಯಿತು. ಐದು ‘ಜೀವ’ಗಳು ತೀರಿದ ಮೇಲೆ ಒಂದು ಜೀವಕ್ಕಾಗಿ ಅರ್ಧ ಗಂಟೆ ಕಾಯಿರಿ, ಇಲ್ಲವೆ ದುಡ್ಡು ಕೊಡಿ ಎನ್ನುತ್ತದೆ. (ಜೀವವನ್ನು ಕ್ರಯಕ್ಕಿಡುವ ಆ ಮಾತು ಅಹಿಂಸಾಧರ್ಮದವರ ಮನೆಗಳಲ್ಲಿ ಯಾರಿಗೂ ಕಿವಿಗೆ ಚುಚ್ಚದಿರುವುದು ಆಶ್ಚರ್ಯ!) ನಿಯಮಗಳೆಲ್ಲ ಆಡುವವನಿಗೆ ಗೊತ್ತಿವೆಯೆ? ಆಟಕ್ಕೆ ಕೊನೆಯಿದೆಯೆ? ಎದ್ದು ಹೋಗುವವನ ಸೆರಗನ್ನು ಅದು ಹಿಡಿದೆಳೆಯುತ್ತದೆಯೆ? ಸರಳತೆಯ ಪರೀಕ್ಷೆ ಇಲ್ಲಿದೆಯೇ ಹೊರತು ಗುಂಡಿಗಳ ಎಣಿಕೆಯಲ್ಲಿಲ್ಲ.

ಚಿತ್ರಗಳ ಜಟಿಲತೆಯನ್ನು ಕುರಿತೂ ಒಂದು ಮಾತು. ಗುಂಡು ತಗುಲಿದವನು ನರಳಿ ಬೀಳುವುದು ನಿಜವೆಂಬಂತೆ ತೋರಿಸುವುದೇ ಇಂದಿನ ಆಟಗಳ ಹೆಗ್ಗಳಿಕೆ. ಕೇಳಿದರೆ ‘ಬರಿಯ ಚಿತ್ರ ತಾನೆ’ ಎಂಬ ಉತ್ತರ ಸಿದ್ಧವಾಗಿದೆ. ಜನ್ನ ಕವಿಯ ‘ಯಶೋಧರ ಚರಿತೆ’ಯನ್ನು ಬಲ್ಲವರು ಈ ಉತ್ತರವನ್ನು ಕೊಡಲಾರರು. ಅಲ್ಲಿ ಬಲಿಯಾದದ್ದೂ ಹಿಟ್ಟಿನ ಕೋಳಿಯೇ. ಬಣ್ಣ ತುಂಬಿ ಅದನ್ನು ಜೀವಂತ ಕೋಳಿಯಂತೆ ಮಾಡಿದ್ದರು; ಕಡಿದಾಗ ಅದು ಕೂಗಿತು; ಆ ಸಂಕಲ್ಪಹಿಂಸೆಗಾಗಿ ತಾಯಿಮಗ ಇಬ್ಬರೂ ಜನ್ಮಜನ್ಮಾಂತರ ತೊಳಲಿದರು. ಹುಲಿ-ಕುರಿಯಾಟದಲ್ಲಿಯೂ ಹುಲಿ ಕುರಿಯನ್ನು ತಿನ್ನುವುದಿಲ್ಲವೆ ಎಂದು ಕೇಳಬಹುದು. ತಿನ್ನುತ್ತದೆ, ಎಂದರೆ ಒಂದು ಕಲ್ಲು ಹಲಗೆಯಿಂದ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ಕೂಗುವ ಕೋಳಿಯಿಲ್ಲ. ಅಲ್ಲದೆ ಈ ಸಲ ಹುಲಿಯಾದವನು ಮುಂದಿನ ಸಲ ಕುರಿಗಳನ್ನು ಕಾಯಬೇಕು.

ಧರ್ಮವನ್ನು ಆಟದ ಮೂಲಕ ಕಲಿಸಬಾರದೆಂದು ನಾನು ಹೇಳುತ್ತಿಲ್ಲ; ನಮ್ಮವರು ಅದನ್ನು ಹಿಂದೆಯೇ ಮಾಡಿದ್ದಾರೆ. ಗುಜರಾತ್, ರಾಜಸ್ಥಾನಗಳ ಶ್ವೇತಾಂಬರ ಬಂಧುಗಳಲ್ಲಿ ಪರ್ಯೂಷಣದ ದಿನಗಳಲ್ಲಿ ಆಡುತ್ತಿದ್ದ ‘ಜ್ಞಾನಚೌಪಡ’ದ ಪಟಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ 84 ಮನೆಗಳು. ಪುಣ್ಯಕ್ಕೆ ಏಣಿ, ಪಾಪಕ್ಕೆ ಹಾವು, ತುದಿಯಲ್ಲಿ ಮೋಕ್ಷ. ಇಂಥ ಪಟಗಳೇ ಆಂಗ್ಲರ ಕೈಗೆ ಹೋಗಿ, ಅರ್ಥವನ್ನೆಲ್ಲ ಕಳೆದುಕೊಂಡು, ಪೇಟೆಯ ಹಾವು-ಏಣಿ ಆಟವಾಗಿ ನಮಗೇ ಮರಳಿ ಬಂದವು. ಕವಡೆ ಎಂದೊಡನೆ ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವನ್ನು ನೆನೆಯುವವರಿಗೆ ಹೇಳಬೇಕಾದದ್ದಿಷ್ಟೆ: ಪಣವಿಲ್ಲದಲ್ಲಿ ಸೋತವನು ಕಳೆದುಕೊಳ್ಳುವುದು ಏನೂ ಇಲ್ಲ. ಪೆಟ್ಟಿಗೆ ತೆರೆಯುವ ಹುಡುಗನ ವಿಷಯದಲ್ಲಿ ಹಾಗೆ ಹೇಳಲಾದೀತೆ?

ಅಪರಿಗ್ರಹವನ್ನು ಬೋಧಿಸಲು ಸಂಗ್ರಹದ ಆಸೆಯನ್ನೇ ಬೆರಳ ತುದಿಯಲ್ಲಿ ಅಭ್ಯಾಸ ಮಾಡಿಸುವ ಯಂತ್ರಕ್ಕೆ ಬಸದಿಯ ನಿಧಿಯಿಂದ ಹಣ ಕೊಡುವುದು ಯಾವ ನ್ಯಾಯ? ಟ್ರಸ್ಟಿನ ಸದಸ್ಯರು ಅಂಥ ಯೋಜನೆಗೆ ಸಹಿ ಹಾಕುವ ಮುನ್ನ ಅದನ್ನು ತಮ್ಮ ಮಕ್ಕಳೊಡನೆ ಕುಳಿತು ಒಂದು ವಾರ ಸ್ವತಃ ಆಡಿನೋಡಲಿ. ಸಿಂಹನಗದ್ದೆಯಲ್ಲಾಗಲಿ, ಶೃಂಗೇರಿಯ ಪಾರ್ಶ್ವನಾಥ ಬಸದಿಯಲ್ಲಾಗಲಿ ದಶಲಕ್ಷಣ ಪರ್ವಕ್ಕೆ ಮಕ್ಕಳು ಸೇರಿದಾಗ 84 ಮನೆಗಳ ಒಂದು ಬಟ್ಟೆಯ ಪಟವನ್ನು ಹಾಸಲಿ. ಮನೆಗಳ ಹೆಸರುಗಳನ್ನು ಕನ್ನಡದಲ್ಲಿ ಬರೆಯುವ ಕೆಲಸವನ್ನು ಆ ಮಕ್ಕಳಿಗೇ ವಹಿಸಲಿ. ಚೆನ್ನೆಯಾಡಲು ಬಲ್ಲ ಅಜ್ಜಿಯಂದಿರನ್ನು ಹುಡುಕಿ ಕರೆತರಲು ಈ ಮಳೆಗಾಲವೇ ತಕ್ಕ ಸಮಯ. ಮುಂದಿನ ಮಳೆಗಾಲಕ್ಕೆ ಅವರಲ್ಲಿ ಎಷ್ಟು ಮಂದಿ ಇರುವರೋ!