ಶುಕ್ರವಾರದ ದೀಪ: ಯೆಹೂದಿಗಳಿಂದ ನಾವು ಕಲಿಯಬೇಕಾದ ಪಾಠ

ಅಮೆರಿಕೆಗೆ ಬಂದ ಮೊದಲ ವರ್ಷಗಳಲ್ಲಿ ನಮ್ಮ ನೆರೆಮನೆಯಲ್ಲಿ ವೃದ್ಧ ಯೆಹೂದಿ ದಂಪತಿಗಳಿದ್ದರು. ಒಂದು ಶುಕ್ರವಾರ ಸಂಜೆ ಅವರು ನಮ್ಮನ್ನು ಊಟಕ್ಕೆ ಕರೆದರು. ಸೂರ್ಯಾಸ್ತಕ್ಕೆ ಮುನ್ನ ಆ ಗೃಹಿಣಿ ಎರಡು ಮೇಣದಬತ್ತಿಗಳನ್ನು ಹಚ್ಚಿ, ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥಿಸಿದಾಗ, ತುಳಸಿಕಟ್ಟೆಗೆ ದೀಪವಿಡುತ್ತಿದ್ದ ನನ್ನ ತಾಯಿಯ ನೆನಪಾಯಿತು. ಯಜಮಾನರು ದ್ರಾಕ್ಷಾರಸದ ಬಟ್ಟಲನ್ನೆತ್ತಿ ಹೀಬ್ರೂ ಭಾಷೆಯಲ್ಲಿ ಮಂತ್ರ ಹೇಳಿದರು. ಅವರ ಏಳು ವರ್ಷದ ಮೊಮ್ಮಗ ತಪ್ಪಿಲ್ಲದೆ ದನಿಗೂಡಿಸಿದ. ಅದೇ ವಯಸ್ಸಿನ ನನ್ನ ಮಗಳು ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು: "ಅಪ್ಪಾ, ನಮ್ಮ ಮನೆಯಲ್ಲಿ ಇಂಥದ್ದೇನು ಮಾಡುತ್ತೇವೆ?" ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯೇ ನನ್ನನ್ನು ಯೆಹೂದಿ ಧರ್ಮದ ಅಧ್ಯಯನಕ್ಕೆ ಹಚ್ಚಿತು. ದೇವನೊಬ್ಬನೇ ಎಂಬುದು ಅದರ ಮೂಲ ನಂಬಿಕೆ. ವಚನಕಾರರನ್ನು ಬಲ್ಲ ನಮಗೆ ಏಕದೇವನಿಷ್ಠೆ ಅಪರಿಚಿತವಲ್ಲ. ಮೋಸೆಸನ ಮೂಲಕ ದೊರೆತದ್ದೆಂದು ಅವರು ನಂಬುವ ಐದು ಗ್ರಂಥಗಳೇ 'ತೋರಾ'. ಅದರ ವಿಧಿಗಳನ್ನು ಕುರಿತು ಗುರುಗಳು ತಲೆಮಾರುಗಳ ಕಾಲ ನಡೆಸಿದ ವಾದ-ಪ್ರತಿವಾದಗಳ ಭಂಡಾರವೇ 'ತಾಲ್ಮುಡ್'. ಮಾಂಸವನ್ನೂ ಹಾಲನ್ನೂ ಬೆರೆಸದಿರುವ ಮಡಿ, ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ರಾತ್ರಿಯವರೆಗೆ ಕೆಲಸವನ್ನು ಬಿಡುವ 'ಶಬ್ಬಾತ್' ಇವೆಲ್ಲ ನಿತ್ಯಜೀವನಕ್ಕೆ ಹೊಂದಿಕೊಂಡ ಆಚರಣೆಗಳು.

ಕ್ರಿ.ಶ. 70ರಲ್ಲಿ ರೋಮನ್ ಸೇನೆ ಜೆರುಸಲೇಮಿನ ದೇವಾಲಯವನ್ನು ನಾಶಪಡಿಸಿತು. ಬಲಿಪೀಠ ಹೋದ ಮೇಲೆ ಊಟದ ಮೇಜೇ ಅವರ ಬಲಿಪೀಠವಾಯಿತು, ಅಧ್ಯಯನವೇ ಪೂಜೆಯಾಯಿತು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ನೆನೆಯುವ 'ಪೆಸಾಹ್' ಹಬ್ಬದ ರಾತ್ರಿ, ಮನೆಯ ಅತ್ಯಂತ ಕಿರಿಯ ಮಗು ಪ್ರಶ್ನೆ ಕೇಳಬೇಕು, ಹಿರಿಯರು ಕಥೆಯ ಮೂಲಕ ಉತ್ತರಿಸಬೇಕು. ಮಗುವಿನ ಪ್ರಶ್ನೆಯನ್ನೇ ವಿಧಿಯನ್ನಾಗಿಸಿದ ಈ ಜಾಣ್ಮೆಯನ್ನು ಕಂಡು ನಾನು ಬೆರಗಾದೆ.

ಈ ಜನರು ನಮಗೆ ತೀರ ಅಪರಿಚಿತರೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿ ಮೆಣಸು, ಅಡಕೆಗಳ ವ್ಯಾಪಾರ ಮಾಡುತ್ತಿದ್ದ. ಅವನ ಸೇವಕನ ಹೆಸರು ಬೊಮ್ಮ. ದೇವರ ಹೆಸರಿರಬಹುದಾದ ಕಾಗದವನ್ನು ನಾಶಮಾಡಬಾರದೆಂಬ ನಿಯಮದಿಂದಾಗಿ, ಅವನ ಪತ್ರಗಳು ಕೈರೋದ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದುವು. ಅಮಿತಾವ್ ಘೋಷ್ ಅವರು 1992ರ ತಮ್ಮ ಕೃತಿಯಲ್ಲಿ ಈ ಕಥೆಯನ್ನು ಹೇಳಿದ್ದಾರೆ. ಪತ್ರಗಳ ಭಾಷೆ ಅರಬ್ಬಿ; ಲಿಪಿ ಮಾತ್ರ ಹೀಬ್ರೂ. ನಾಡು ಬದಲಾಯಿತು, ಆಡುಮಾತು ಬದಲಾಯಿತು, ಅಕ್ಷರವನ್ನು ಮಾತ್ರ ಅವರು ಬಿಡಲಿಲ್ಲ.

ಸುಮಾರು ಹದಿನೇಳು ಶತಮಾನಗಳ ಕಾಲ ಮನೆಮಾತಾಗಿರದಿದ್ದ ಹೀಬ್ರೂವನ್ನು, 1881ರಲ್ಲಿ ಜೆರುಸಲೇಮಿಗೆ ಬಂದ ಎಲಿಯೆಜರ್ ಬೆನ್ ಯೆಹೂದ ತನ್ನ ಮನೆಯಿಂದಲೇ ಮತ್ತೆ ಆಡುಮಾತಾಗಿಸಲು ಹೊರಟ. ಮರುವರ್ಷ ಹುಟ್ಟಿದ ಮಗನೊಡನೆ ಹೀಬ್ರೂವಿನಲ್ಲಿ ಮಾತ್ರ ಮಾತನಾಡಿದ. ಇಂದು ಅದು ಒಂದು ರಾಷ್ಟ್ರದ ಭಾಷೆ.

ಆದರೆ ಇದೇ ಜನರ ಇನ್ನೊಂದು ಅನುಭವವನ್ನು ನಾವು ಮರೆಯಬಾರದು. ಪೂರ್ವ ಯುರೋಪಿನಿಂದ ಅಮೆರಿಕೆಗೆ ಬಂದ ಯೆಹೂದಿಗಳ ಮನೆಮಾತು ಯಿಡ್ಡಿಶ್. ಅದರಲ್ಲಿ ಪತ್ರಿಕೆಗಳಿದ್ದುವು, ನಾಟಕಶಾಲೆಗಳಿದ್ದುವು, ಸಭೆ-ಸಂಘಗಳಿದ್ದುವು. ಆದರೂ ಕಟ್ಟಾ ಸಂಪ್ರದಾಯಸ್ಥರ ಬಡಾವಣೆಗಳನ್ನು ಬಿಟ್ಟರೆ, ಎರಡು ಮೂರು ತಲೆಮಾರುಗಳಲ್ಲಿ ಬಹುಪಾಲು ಮನೆಗಳಿಂದ ಅದು ಮರೆಯಾಯಿತು. ಹಿರಿಯರ ಹಂಬಲವನ್ನಷ್ಟೇ ನೆಚ್ಚಿದ ಭಾಷೆ ಹೋಯಿತು. ಮಕ್ಕಳ ಕರ್ತವ್ಯದಲ್ಲಿ ಸೇರಿದ್ದ ಭಾಷೆ ಉಳಿಯಿತು. ನಮ್ಮ ಕನ್ನಡ ಈ ಎರಡರಲ್ಲಿ ಯಾವ ದಾರಿ ಹಿಡಿದಿದೆಯೆಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.

ಹೋಲಿಕೆಗೆ ಮಿತಿಯಿದೆ, ಬಲ್ಲೆ. ಕನ್ನಡ ಒಂದು ಮತವಲ್ಲ. ಅದು ಹಲವು ಮತಗಳವರ ಮನೆ. ನಾತ್ಸಿಗಳು ಅರವತ್ತು ಲಕ್ಷ ಯೆಹೂದಿಗಳನ್ನು ಕೊಂದರು; ಅಂಥ ಸಂಕಟ ನಮ್ಮನ್ನು ಒಂದುಗೂಡಿಸಿಲ್ಲ, ಎಂದಿಗೂ ಒದಗದಿರಲಿ. 2011ರ ಜನಗಣತಿಯಂತೆ ಭಾರತದಲ್ಲಿ ಕನ್ನಡ ಮಾತೃಭಾಷೆಯವರು 4.3 ಕೋಟಿಗೂ ಹೆಚ್ಚು; ಜಗತ್ತಿನ ಯೆಹೂದಿಗಳೆಲ್ಲ ಸೇರಿದರೂ ಸುಮಾರು ಒಂದೂವರೆ ಕೋಟಿ. ಆ ಸಂಖ್ಯಾಬಲವೇ ನಮಗೆ ಮೈಮರೆವನ್ನು ತಂದಿದೆಯೆಂದು ನನ್ನ ಭಾವನೆ. ತವರಿನಲ್ಲಿ ಕನ್ನಡವಿದೆಯೆಂಬ ಧೈರ್ಯದಿಂದ ಇಲ್ಲಿನ ಮನೆಯಲ್ಲಿ ಅದನ್ನು ಕೈಬಿಡುತ್ತಿದ್ದೇವೆ.

ಎರಡು ವರ್ಷಕ್ಕೊಮ್ಮೆ ನಡೆಯುವ ಈ ಸಮ್ಮೇಳನ ನಮ್ಮ ತೇರು. ತೇರು ಬೇಕು, ಆದರೆ ತೇರಿನಿಂದ ಮನೆಯ ದೀಪ ಉರಿಯದು. ವಾರಕ್ಕೊಂದು ಸಂಜೆ ದೂರದರ್ಶನ, ದೂರವಾಣಿಗಳನ್ನು ಬದಿಗಿಟ್ಟು, ಕನ್ನಡದಲ್ಲಿಯೇ ಮಾತನಾಡುತ್ತ ಉಣ್ಣೋಣ. ಕಿರಿಯ ಮಗು ಒಂದು ಪ್ರಶ್ನೆ ಕೇಳಲಿ. ಹಿರಿಯರು ಒಂದು ಕಥೆ ಹೇಳಲಿ.

ಮಗಳ ವಿಷಯದಲ್ಲಿ ನಾನು ತಡಮಾಡಿದೆ. ಈಗ ಭಾನುವಾರದ ಊಟಕ್ಕೆ ಅವಳು ತನ್ನ ಮಗನನ್ನು ಕರೆತರುತ್ತಾಳೆ. ಅವನ ಕನ್ನಡದಲ್ಲಿ ತಪ್ಪುಗಳಿವೆ. ಆದರೆ ಪ್ರಶ್ನೆ ಕೇಳುತ್ತಾನೆ. ಪಕ್ಕದಲ್ಲಿ ಕುಳಿತ ಅವನ ತಾಯಿಯೂ ನನ್ನ ಉತ್ತರಕ್ಕೆ ಕಿವಿಗೊಡುತ್ತಾಳೆ.