ಮೂರು ಸಾಕ್ಷಿ ಬೇಕು



‘ಓದಿದ್ದಾಯ್ತು, ಇನ್ನು ಜಾತೀಲೇ ಮದುವೆಯಾಗಿ ತೆಪ್ಪಗಿರಿ’ ಅಂತಾರೆ ಮನೇಲಿ. ನಾವು ಒಪ್ಪಲ್ಲ. ಬಾಬಾಸಾಹೇಬರು 1948ರಲ್ಲಿ ಜಾತಿಯ ಗೋಡೆ ದಾಟಿ ರಿಜಿಸ್ಟರ್ ಮದುವೆಯಾದವರು.

1954ರ ವಿಶೇಷ ವಿವಾಹ ಕಾಯ್ದೆ ಪುರೋಹಿತನನ್ನು ಕೇಳಲ್ಲ, ಜಾತಿ ಕೇಳಲ್ಲ. ಮೂವರು ಸಾಕ್ಷಿಗಳನ್ನು ಕೇಳುತ್ತೆ. ಆದರೆ 30 ದಿನ ಮೊದಲೇ ಹೆಸರು, ವಿಳಾಸದ ನೋಟೀಸು ಕಚೇರಿಯಲ್ಲಿ ನೇತಾಡುತ್ತೆ. ಊರು ದೊಣ್ಣೆ ಹಿಡಿಯೋದು ಆಗಲೇ. ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕ್ರಾಂತಿ ಮಾತಾಡಿದ ನಾವು ಕಾಣೆಯಾಗೋದೂ ಆಗಲೇ!

ನಮ್ಮಿಷ್ಟದ ಬದುಕು ಒಬ್ಬರ ಧೈರ್ಯದಿಂದ ನಡೆಯೋದಲ್ಲ. ಪ್ರೀತಿಸಿದ ಇಬ್ಬರಿಗೆ ಆ 30 ದಿನ ಇರಲು ಒಂದು ಕೋಣೆ, ಉಣ್ಣಲು ಅನ್ನ, ಸಹಿ ಹಾಕಲು ಮೂರು ಕೈ ಬೇಕು.

ಆ ಕೈಗಳು ನಮ್ಮವಾಗಲಿ. ಜೈಭೀಮ್.