ಕಡಲಿಗಿಳಿಯುವವರು ಮೊದಲು ನೋಡಬೇಕಾದುದೇನು?

ನಮ್ಮ ವಾಚಕರಲ್ಲೊಬ್ಬರು, ಸರಕಾರದ ಹೊಣೆಯುಳ್ಳ ಹುದ್ದೆಯಲ್ಲಿರುವ ಮಹನೀಯರು, ನಮಗೊಂದು ಕಾಗದವನ್ನು ಬರೆದಿರುತ್ತಾರೆ. ಬರುವ ಆಗಸ್ಟ್ ತಿಂಗಳಲ್ಲಿ ತಮಗೆ ಹತ್ತು ದಿವಸಗಳ ರಜೆ ಮಂಜೂರಾಗಿದೆಯೆಂದೂ, ಕಾಲೇಜಿನಲ್ಲಿ ಓದುವ ಮಗನು ಸ್ಕೂಬಾ ಉಪಕರಣವನ್ನು ಬೆನ್ನಿಗೆ ಕಟ್ಟಿಕೊಂಡು ಕಡಲ ತಳವನ್ನು ನೋಡಲೇಬೇಕೆಂದು ಹಟ ಹಿಡಿದಿರುವನೆಂದೂ, ಮನೆಯವರೆಲ್ಲರೂ ಮಾಲ್ಡೀವ್ಸ್ ಎನ್ನುತ್ತಿರುವರೆಂದೂ, ಆದರೆ ತಮ್ಮ ಮನಸ್ಸು ಅದಕ್ಕೊಪ್ಪದೆ, ಲಕ್ಷದ್ವೀಪಕ್ಕಾಗಲಿ ನಮ್ಮ ನೇತ್ರಾಣಿಗಾಗಲಿ ಹೋಗುವುದೇ ದೇಶಾಭಿಮಾನಿಗಳಿಗೆ ತಕ್ಕುದೆಂದು ತೋರುತ್ತಿರುವುದೆಂದೂ ತಿಳಿಸಿ, ನಮ್ಮ ಅಭಿಪ್ರಾಯವನ್ನು ಕೇಳಿದ್ದಾರೆ. ನಾವು ಈಜು ಬಲ್ಲವರಲ್ಲ. ಊರ ಕೆರೆಯಲ್ಲಿ ಎದೆಮಟ್ಟದ ನೀರನ್ನು ದಾಟಿ ಹೋದುದು ನೆನಪಿಲ್ಲ. ಆದಾಗ್ಯೂ ಇದು ಒಬ್ಬರ ರಜೆಗೆ ಮಾತ್ರ ಸೇರಿದ ಪ್ರಶ್ನೆಯಲ್ಲವಾದುದರಿಂದ ಇಲ್ಲಿಯೇ ಉತ್ತರಿಸುವುದು ಯುಕ್ತವೆಂದು ಭಾವಿಸುತ್ತೇವೆ.

ಆ ಮಹನೀಯರ ಮನಸ್ಸಿನ ಅಳುಕಿಗೆ ಕಾರಣವು ಎಲ್ಲರಿಗೂ ತಿಳಿದದ್ದೇ. 2024ರ ಜನವರಿಯ ಮೊದಲ ವಾರದಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಹೋಗಿ ಬಂದರು. ಮಾಲ್ಡೀವ್ಸಿನ ಮೂವರು ಉಪಮಂತ್ರಿಗಳು ಅದರ ಮೇಲೆ ಹಗುರವಾದ ಮಾತುಗಳನ್ನಾಡಿದರು. ಅವರನ್ನು ಅಲ್ಲಿಯ ಸರಕಾರವೇ ಅಮಾನತಿನಲ್ಲಿಟ್ಟಿತು. ಇಷ್ಟರೊಳಗೆ ನಮ್ಮಲ್ಲಿ ಬಹಿಷ್ಕಾರದ ಕೂಗೆದ್ದಿತು. 1988ರ ನವೆಂಬರಿನಲ್ಲಿ ಮಾಲೆಯಲ್ಲಿ ದಂಗೆಯೆದ್ದಾಗ ಒಂದೇ ರಾತ್ರಿಯಲ್ಲಿ ನಮ್ಮ ಸೈನಿಕರು ಹಾರಿ ಹೋಗಿ ಆ ರಾಜ್ಯವನ್ನು ಉಳಿಸಿಕೊಟ್ಟುದನ್ನು ಬಲ್ಲವರಿಗೆ ಆ ಮಾತುಗಳು ನೋವುಂಟುಮಾಡಿದುದು ಸಹಜವೇ. 2023ರಲ್ಲಿ ಅಲ್ಲಿಗೆ ಹೋದ ಭಾರತೀಯರು ಎರಡು ಲಕ್ಷಕ್ಕೂ ಮಿಕ್ಕಿದ್ದರು. 2024ರಲ್ಲಿ ಆ ಸಂಖ್ಯೆ ಸುಮಾರು 1 ಲಕ್ಷ 30 ಸಾವಿರಕ್ಕೆ ಇಳಿಯಿತು. ತರುವಾಯ ಎರಡು ಸರಕಾರಗಳಿಗೂ ರಾಜಿಯಾಗಿ, 2025ರ ಜುಲೈಯಲ್ಲಿ ಆ ದೇಶದ ಸ್ವಾತಂತ್ರ್ಯದ 60ನೆಯ ವರ್ಷದ ಉತ್ಸವಕ್ಕೆ ನಮ್ಮ ಪ್ರಧಾನಿಗಳೇ ಮುಖ್ಯ ಅತಿಥಿಗಳಾದರು. ದೊರೆಗಳು ಕೈಕುಲುಕಿದ ಮೇಲೆ ಪ್ರಜೆಗಳು ಮಾತ್ರ ಮುನಿಸನ್ನು ಹಿಡಿದು ಕೂರುವುದರಿಂದ ಸಾಧಿಸಿದಂತಾಗುವುದೇನು? ಸ್ವಾಭಿಮಾನದ ಮಾತು ಹಾಗಿರಲಿ. ಕಡಲಿಗೆ ದೇಶಾಭಿಮಾನವು ತಿಳಿಯದು. ಅದಕ್ಕೆ ತಿಳಿದಿರುವುದು ಗಾಳಿ, ಮಳೆ, ಸೆಳೆತಗಳು.

ಮೊದಲು ತಿಂಗಳನ್ನು ನೋಡಬೇಕು. ಸ್ಥಳವನ್ನು ನೋಡುವುದು ಆಮೇಲೆ. ನಮ್ಮ ಪಶ್ಚಿಮದ ಕಡಲು ಜೂನಿನಲ್ಲಿ ಕೆರಳಿದರೆ ಸೆಪ್ಟೆಂಬರಿನವರೆಗೆ ಅದಕ್ಕೆ ಸಮಾಧಾನವಿಲ್ಲ. ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನು ಈ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಸರಕಾರವೇ ನಿಷೇಧಿಸಿದೆ. ಆ ಗಡುವು ಮುಗಿದರೂ ನಮ್ಮ ಬೆಸ್ತರು ನೂಲಹುಣ್ಣಿಮೆಯಂದು ಸಮುದ್ರರಾಜನಿಗೆ ತೆಂಗಿನಕಾಯಿಯನ್ನರ್ಪಿಸಿದ ಹೊರತು ನೀರಿಗಿಳಿಯಲೊಲ್ಲರು. ಹುಟ್ಟಿದಂದಿನಿಂದ ಕಡಲನ್ನು ಬಲ್ಲವರೇ ಹೀಗೆ ಕಾಯುತ್ತಿರುವಾಗ, ಬೆಂಗಳೂರಿನ ಕಛೇರಿಯಿಂದ ನೇರವಾಗಿ ಬಂದವರು ಆಗಸ್ಟಿನಲ್ಲಿ ಮುಳುಗುತ್ತೇವೆಂಬುದು ಸಾಹಸವಲ್ಲ, ಅವಿವೇಕ. ನೇತ್ರಾಣಿಗೆ ದೋಣಿಗಳು ಹೋಗುವುದೇ ಅಕ್ಟೋಬರಿನಿಂದ ಮೇ ತಿಂಗಳವರೆಗೆ. ನೀರು ತಿಳಿಯಾಗಿ ತಳ ಕಾಣುವ ದಿನಗಳು ಬಹುಮಟ್ಟಿಗೆ ಡಿಸೆಂಬರ್ ಜನವರಿಗಳಲ್ಲಿ. ಲಕ್ಷದ್ವೀಪದ ಮಾತೂ ಇದೇ. ಅಂಡಮಾನಿನಲ್ಲಿ ಮಳೆಗಾಲದಲ್ಲಿಯೂ ಅಲ್ಲಲ್ಲಿ ಮುಳುಗುವುದುಂಟಾದರೂ, ನೋಡಲು ಯೋಗ್ಯವಾದ ಕಾಲವು ಫೆಬ್ರವರಿಯಿಂದ ಏಪ್ರಿಲಿನವರೆಗೆ.

ಈಗ ನೇತ್ರಾಣಿಯ ವಿಷಯ. ಮುರ್ಡೇಶ್ವರದ ತೀರದಿಂದ ಸುಮಾರು ಹತ್ತು ನಾವಿಕ ಮೈಲಿ ದೂರದಲ್ಲಿ, ಮೇಲಿನಿಂದ ನೋಡಿದರೆ ಹೃದಯದ ಆಕಾರದಲ್ಲಿರುವ ಈ ಬಂಡೆಗಲ್ಲಿನ ದ್ವೀಪವು ನಮ್ಮ ಉತ್ತರ ಕನ್ನಡ ಜಿಲ್ಲೆಯದು. ದೋಣಿಯಲ್ಲಿ ಒಂದು ಒಂದೂವರೆ ಗಂಟೆಯ ಹಾದಿ. ದ್ವೀಪದ ಮೇಲೆ ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡುಕಟ್ಟುವುವು. ಬೆಸ್ತರು ಹರಕೆಯಾಗಿ ಬಿಟ್ಟ ಆಡುಗಳು ಮೇಯುವುವು. ಕೆಳಗೆ ಬಂಡೆಯ ಅಂಚಿಗೆ ಹತ್ತಿಕೊಂಡಿರುವ ಹವಳದ ನಡುವೆ ಚಿಟ್ಟೆಮೀನು, ಗಿಳಿಮೀನು, ಆಮೆಗಳನ್ನು ಕಾಣಬಹುದು. 2022ರಲ್ಲಿ ಬಿಡುಗಡೆಯಾದ ‘ಗಂಧದ ಗುಡಿ’ ಚಿತ್ರದಲ್ಲಿ ದಿವಂಗತ ಪುನೀತ್ ರಾಜ್‌ಕುಮಾರರು ಇಲ್ಲಿಯ ನೀರಿಗಿಳಿದುದನ್ನು ಕನ್ನಡಿಗರೆಲ್ಲರೂ ನೋಡಿದರು. ಇಂತಹ ತಾಣವೊಂದು ಮನೆಯ ಹಿತ್ತಿಲಲ್ಲಿಯೇ ಇರುವಾಗ ಕಡಲಾಚೆಗೇಕೆ ಹೋಗಬೇಕೆಂದು ಕೇಳುವವರ ಮಾತಿನಲ್ಲಿ ತಥ್ಯವಿಲ್ಲದಿಲ್ಲ.

ಆದರೆ ಈ ಹಿತ್ತಿಲನ್ನು ನಾವು ನೋಡಿಕೊಂಡ ರೀತಿಯಾದರೂ ಎಂತಹುದು? ಇದೇ ದ್ವೀಪವನ್ನು ನಮ್ಮ ನೌಕಾದಳವು ಗುರಿಯ ಅಭ್ಯಾಸಕ್ಕೆಂದು ಬಳಸಿಕೊಂಡಿತು. ದೇಶರಕ್ಷಣೆಗೆ ಅಭ್ಯಾಸವು ಅವಶ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹವಳವೂ ಹದ್ದಿನ ಗೂಡೂ ಇರುವ ಬಂಡೆಯೇ ಅದಕ್ಕೆ ಬೇಕಿತ್ತೇ ಎಂದು ಪ್ರಾಣಿಶಾಸ್ತ್ರಜ್ಞರು ಕೇಳಿದ್ದು ನ್ಯಾಯವಾದುದು. ಈಗ ಗುಂಡುಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಬಂದು ಬೀಳುತ್ತಿರುವವರು ಪ್ರವಾಸಿಗಳು. ಮೊದಲ ಬಾರಿಗೆ ನೀರಿಗಿಳಿದವನು ತೇಲಲಾರದೆ ಕೈಗೆ ಸಿಕ್ಕಿದುದನ್ನು ಹಿಡಿಯುವನು, ಕಾಲಿಗೆ ಸಿಕ್ಕಿದುದನ್ನು ಮೆಟ್ಟುವನು. ಹವಳವು ಕಲ್ಲಲ್ಲ, ವರುಷಕ್ಕೆ ಬೆರಳಿನ ಅಗಲದಷ್ಟು ಬೆಳೆದರೆ ಹೆಚ್ಚೆನ್ನಬಹುದಾದ ಜೀವರಾಶಿ. ಅದನ್ನು 1972ರ ವನ್ಯಜೀವಿ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ ಸೇರಿಸಿ, ಹುಲಿಗೆ ಕೊಟ್ಟ ರಕ್ಷಣೆಯನ್ನೇ ಕೊಟ್ಟಿದ್ದಾರೆ. ಹುಲಿಯ ಕಾಡಿಗೆ ದಿನಕ್ಕೆ ಇಷ್ಟೇ ವಾಹನಗಳೆಂದು ಎಣಿಸಿ ಬಿಡುವ ನಮ್ಮ ಸರಕಾರದವರು ಹವಳದ ಮೇಲಿಳಿಯುವವರನ್ನೂ ಅದೇ ಕಟ್ಟುನಿಟ್ಟಿನಿಂದ ಎಣಿಸಬೇಡವೇ?

ಎಣಿಕೆ ಅಸಾಧ್ಯವೆಂದು ಯಾರೂ ಹೇಳಲಾಗದು. ಮಲೇಷ್ಯದ ಸಿಪಾಡಾನ್ ದ್ವೀಪವು ಲೋಕಪ್ರಸಿದ್ಧವಾದ ಮುಳುಗುದಾಣ. ಅದರ ಮೇಲಿದ್ದ ಹೋಟೆಲುಗಳನ್ನೆಲ್ಲ 2004ರ ಕೊನೆಯೊಳಗೆ ತೆರವು ಮಾಡಿಸಿ, ದಿನಕ್ಕೆ ಇಷ್ಟು ಜನರಿಗೆ ಮಾತ್ರ ರಹದಾರಿಯೆಂದು ಗೊತ್ತುಮಾಡಿದರು. ಥಾಯ್ಲೆಂಡಿನವರು ತಮ್ಮ ಮಾಯಾ ಕೊಲ್ಲಿಯನ್ನು 2018ರ ಜೂನಿನಲ್ಲಿ ಮುಚ್ಚಿ, ಮೂರುವರೆ ವರ್ಷಗಳ ಮೇಲೆ ತೆರೆದರು. ಅಷ್ಟರಲ್ಲಿ ಸಣ್ಣ ಶಾರ್ಕುಗಳು ತಾವಾಗಿ ಹಿಂದಿರುಗಿದ್ದವು. ನಾವು ಬೈದ ಮಾಲ್ಡೀವ್ಸಿನವರನ್ನೇ ನೋಡಿರಿ. ಬಾ ಹವಳದ್ವೀಪಸ್ತೋಮದ ಹನಿಫಾರು ಕೊಲ್ಲಿಗೆ ಬೃಹದಾಕಾರದ ಮಾಂಟಾ ತೊರಕೆಮೀನುಗಳು ಜೂನಿನಿಂದ ನವೆಂಬರಿನವರೆಗೆ ಮೇಯಲು ಬರುತ್ತವೆ. ಅವುಗಳಿಗೆ ತೊಂದರೆಯಾದೀತೆಂದು ಅಲ್ಲಿ ಸ್ಕೂಬಾವನ್ನೇ ನಿಷೇಧಿಸಿ, ಮೇಲೆ ತೇಲಿ ನೋಡುವುದಕ್ಕೆ ಮಾತ್ರ ಅಪ್ಪಣೆ ಕೊಟ್ಟಿದ್ದಾರೆ. ಶಾರ್ಕುಗಳ ಬೇಟೆಯನ್ನು 2010ರಲ್ಲಿಯೇ ನಿಲ್ಲಿಸಿದ್ದಾರೆ. ಒಳ್ಳೆಯ ಕಟ್ಟಳೆಯನ್ನು ನೆರೆಯವರಿಂದ ಕಲಿತರೆ ಅವಮಾನವೇನೂ ಇಲ್ಲ.

ಬಹಿಷ್ಕಾರದ ದಿನಗಳಲ್ಲಿ ಎಲ್ಲರೂ ಲಕ್ಷದ್ವೀಪಕ್ಕೆ ಹೊರಡಿರೆಂದು ಕೂಗಿದವರು ಅದರ ಅಳತೆಯನ್ನು ಕೇಳಿದ್ದರೋ ಇಲ್ಲವೋ ಅರಿಯೆವು. ಮೂವತ್ತಾರು ದ್ವೀಪಗಳು ಸೇರಿ ಒಟ್ಟು 32 ಚದರ ಕಿಲೋಮೀಟರು, ಜನವಸತಿಯಿರುವುದು ಹತ್ತರಲ್ಲಿ, 2011ರ ಜನಗಣತಿಯಂತೆ ಜನಸಂಖ್ಯೆ 64 ಸಾವಿರ. ಕುಡಿಯುವ ನೀರೆಂದರೆ ಹವಳದ ಮರಳಿನಡಿಯಲ್ಲಿ ನಿಂತಿರುವ ತೆಳುವಾದ ಮಳೆಯ ನೀರು. ಅಲ್ಲಿಯವರಲ್ಲದವರು ರಹದಾರಿಯಿಲ್ಲದೆ ಕಾಲಿಡುವಂತಿಲ್ಲ. ಆ ಕಟ್ಟಳೆಯು ಕಿರುಕುಳವೆಂದು ದೂರುವವರಿದ್ದಾರೆ, ಆದರೆ ಅದಿಲ್ಲದಿದ್ದರೆ ಆ ದ್ವೀಪಗಳ ಗತಿಯೇನಾಗುತ್ತಿತ್ತೆಂದು ಊಹಿಸಬಹುದು. ಹವಳವಂತೂ ಬೇರೆಯೇ ಬಗೆಯ ಸಂಕಟದಲ್ಲಿದೆ. ಕಡಲಿನ ನೀರು ಕಾದು, 1998, 2010, 2016, 2024ನೆಯ ಇಸವಿಗಳಲ್ಲಿ ಅಲ್ಲಿಯ ಹವಳವು ಬಿಳಿಚಿಕೊಂಡಿತು. ಒಮ್ಮೆ ಬಿಳಿಚಿದುದು ಚೇತರಿಸಿಕೊಳ್ಳುವಷ್ಟರಲ್ಲಿ ಮತ್ತೊಂದು ಬಿಸಿಯಲೆ ಬರುತ್ತಿರುವುದರಿಂದ, 1998ರಿಂದೀಚೆಗೆ ಜೀವಂತ ಹವಳವು ಸುಮಾರು ಅರ್ಧಕ್ಕೆ ಕುಗ್ಗಿರುವುದಾಗಿ ಅಗತ್ತಿ, ಕಡ್ಮತ್, ಕವರತ್ತಿಗಳನ್ನು ದೀರ್ಘಕಾಲ ಪರೀಕ್ಷಿಸಿದ ಸಂಶೋಧಕರು ಹೇಳುತ್ತಾರೆ. ಕಾಯಿಲೆಯಿಂದ ಮಲಗಿರುವವರ ಮನೆಗೆ ಅಭಿಮಾನದ ಹೆಸರಿನಲ್ಲಿ ದಿಬ್ಬಣ ಕಟ್ಟಿಕೊಂಡು ಹೋಗುವವರುಂಟೇ? ಹೋಗಬಾರದೆಂದಲ್ಲ, ಕೆಲವರಾಗಿ, ಮುಳುಗುವುದನ್ನು ಚೆನ್ನಾಗಿ ಕಲಿತು ಹೋಗಬೇಕೆಂದು ನಮ್ಮ ಆಶಯ.

ಕಲಿಯಲು ಅಂಡಮಾನು ಮೇಲು. ಅಲ್ಲಿಯ ಹ್ಯಾವ್‌ಲಾಕ್ ದ್ವೀಪಕ್ಕೆ 2018ರ ಡಿಸೆಂಬರ್ 30ರಂದು ಸ್ವರಾಜ್ ದ್ವೀಪವೆಂದು ಹೆಸರಿಟ್ಟರು. ಅದಕ್ಕೆ ಸರಿಯಾಗಿ 75 ವರ್ಷಗಳ ಹಿಂದೆ ನೇತಾಜಿಯವರು ಪೋರ್ಟ್ ಬ್ಲೇರಿನಲ್ಲಿ ಧ್ವಜವನ್ನೇರಿಸಿದ್ದರು. ಆ ಪೋರ್ಟ್ ಬ್ಲೇರು 2024ರಿಂದ ಶ್ರೀ ವಿಜಯಪುರಂ. ಅಲ್ಲಿಂದ ಹಡಗಿನಲ್ಲಿ ಎರಡು ಗಂಟೆಗೆ ಸ್ವರಾಜ್ ದ್ವೀಪವನ್ನು ಸೇರಬಹುದು. ನಾಲ್ಕು ದಿವಸ ನಿಂತು ಕ್ರಮವಾಗಿ ಪಾಠ ಕಲಿಸುವ ಶಾಲೆಗಳಿವೆ. ಮೀನುಗಳನ್ನು ನೋಡಿ ಸೆಲ್ಯುಲರ್ ಜೈಲನ್ನು ನೋಡದೆ ಹಿಂದಿರುಗುವವನನ್ನು ಮಾತ್ರ ನಾವು ವಿದ್ಯಾವಂತನೆನ್ನಲಾರೆವು.

ಪಾಠವೆಂದೆವಷ್ಟೆ. ಅದು ಅಲಂಕಾರಕ್ಕಲ್ಲ. ಪ್ರತಿ ಹತ್ತು ಮೀಟರು ಇಳಿದಂತೆ ದೇಹದ ಮೇಲೆ ಇನ್ನೊಂದು ವಾಯುಮಂಡಲದ ಒತ್ತಡ ಸೇರುತ್ತದೆ. ಹತ್ತು ಮೀಟರಿನಲ್ಲಿ ತುಂಬಿಕೊಂಡ ಉಸಿರನ್ನು ಹಿಡಿದುಕೊಂಡೇ ಮೇಲೆ ಬಂದರೆ ಅದು ಇಮ್ಮಡಿಯಾಗಿ ಶ್ವಾಸಕೋಶವನ್ನೇ ಹರಿಯಬಲ್ಲುದು. ಬೇಗನೆ ಮೇಲೇರಿದರೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಗಟ್ಟಿ ಅಂಗವೈಕಲ್ಯವಾದೀತು. ಹಲವು ಬಾರಿ ಮುಳುಗಿದವರು ಕನಿಷ್ಠ ಹದಿನೆಂಟು ಗಂಟೆಗಳ ಕಾಲ ವಿಮಾನ ಹತ್ತಬಾರದೆಂಬ ನಿಯಮವು ಇದರಿಂದಲೇ ಹುಟ್ಟಿದುದು. ಉಬ್ಬಸ, ಹೃದ್ರೋಗಗಳುಳ್ಳವರು ವೈದ್ಯರನ್ನು ಕೇಳದೆ ಇಳಿಯಬಾರದು. ಇವನ್ನು ವಿಚಾರಿಸದೆ ಹಣವನ್ನು ಮಾತ್ರ ಕೇಳುವ ಗುರುವಿನ ದೋಣಿಯನ್ನು ಹತ್ತಲೇಬಾರದು. ಒಳ್ಳೆಯ ಋತುವೊಂದೇ ಸಾಲದೆಂಬುದಕ್ಕೆ ದುಃಖದ ಸಾಕ್ಷಿಯಿದೆ. 2024ರ ಡಿಸೆಂಬರಿನಲ್ಲಿ, ಕಡಲು ಶಾಂತವೆನ್ನುವ ತಿಂಗಳಲ್ಲಿಯೇ, ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ನಾಲ್ವರು ಶಾಲಾಬಾಲಕಿಯರು ಮುರ್ಡೇಶ್ವರದ ತೀರದಲ್ಲಿ ನೀರುಪಾಲಾದರು. ಮುಳುಗಲು ಹೋದವರಲ್ಲ, ದಡದಲ್ಲಿ ಆಡುತ್ತಿದ್ದವರು. ಕಾವಲು ಎಷ್ಟಿರಬೇಕೆಂಬುದನ್ನು ಆ ಮೇಲೆ ಲೆಕ್ಕ ಹಾಕಿದುದರಿಂದ ಆ ತಾಯಂದಿರಿಗೆ ಆದ ಫಲವೇನು?

ಇನ್ನು ನಮ್ಮ ಮಿತ್ರರಿಗೆ ನಾವು ಬರೆದ ಉತ್ತರವಿದು. ರಜೆಯನ್ನು ಬದಲಿಸಲಾಗದೆ ಆಗಸ್ಟಿನಲ್ಲಿಯೇ ಹೊರಡಬೇಕಾದರೆ, ದೇಶಾಭಿಮಾನಕ್ಕೆ ಕುಂದೇನೂ ಬಾರದೆಂದು ತಿಳಿದು, ಆಗ ಮಳೆಯಿಲ್ಲದ ಬಾಲಿಗೆ ಹೋಗಬಹುದು. ಅಲ್ಲಿಯ ತುಲಂಬೆನ್ ಎಂಬಲ್ಲಿ, 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯ ಏಟಿಗೆ ಸಿಕ್ಕಿ ದಡ ಸೇರಿದ್ದ ‘ಲಿಬರ್ಟಿ’ ಎಂಬ ಅಮೆರಿಕದ ಹಡಗು, 1963ರಲ್ಲಿ ಅಗುಂಗ್ ಜ್ವಾಲಾಮುಖಿಯು ಸಿಡಿದಾಗ ಕಡಲಿಗೆ ಜಾರಿ, ದಡದ ಸಮೀಪದಲ್ಲಿಯೇ ಹವಳ ಹೊದ್ದು ಮಲಗಿದೆ. ಹೊಸಬರೂ ಗುರುವಿನೊಡನೆ ತೀರದಿಂದಲೇ ನಡೆದು ಇಳಿಯಬಹುದು. ಆದರೆ ರಜೆಯು ಜನವರಿಗೆ ಸಾಗುವಂತಿದ್ದರೆ ಅದೇ ಉತ್ತಮ. ಬೆಂಗಳೂರಿನ ಈಜುಕೊಳಗಳಲ್ಲಿಯೇ ಮೊದಲ ಪಾಠಗಳನ್ನು ಹೇಳಿಕೊಡುವವರಿದ್ದಾರೆ. ಮಗನು ಅಲ್ಲಿ ಕಲಿತು, ಮೈಯನ್ನು ನೀರಿನಲ್ಲಿ ಸಮತೂಕದಲ್ಲಿಡುವುದನ್ನು ಅಭ್ಯಾಸ ಮಾಡಿಕೊಂಡು, ಆ ಮೇಲೆ ಮುರ್ಡೇಶ್ವರಕ್ಕೆ ಹೋಗಲಿ. ದೋಣಿಯನ್ನು ಗೊತ್ತುಮಾಡುವ ಮೊದಲು ಮೂರು ಮಾತು ಕೇಳಲಿ: ಒಬ್ಬ ಗುರುವಿಗೆ ಎಷ್ಟು ಜನ ಶಿಷ್ಯರು, ಲಂಗರನ್ನು ಎಲ್ಲಿ ಬಿಡುತ್ತಾರೆ, ಅಪಘಾತವಾದರೆ ಎಲ್ಲಿಗೆ ಒಯ್ಯುತ್ತಾರೆ. ಉತ್ತರ ತಡವರಿಸಿದರೆ ದೇವಸ್ಥಾನವನ್ನು ನೋಡಿಕೊಂಡು ಹಿಂದಿರುಗಲಿ.

ರಜೆಯ ಬದಲಾವಣೆಗೆ ಮೇಲಧಿಕಾರಿಗಳಿಗೆ ಅರ್ಜಿ ಕೊಟ್ಟಿರುವುದಾಗಿಯೂ, ಮಗನನ್ನು ಈಜುಕೊಳಕ್ಕೆ ಸೇರಿಸಿರುವುದಾಗಿಯೂ ನಿನ್ನೆಯ ಟಪ್ಪಾಲಿನಲ್ಲಿ ಉತ್ತರ ಬಂದಿದೆ.